ಮೂಲೆಯ ಹಸಿರು ಚುಕ್ಕಿ

ಹಳೆಯ ಗೇಮ್ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಎಮ್ಯುಲೇಟರನ್ನು ಜಾವಾ ಭಾಷೆಯಲ್ಲಿ ಬರೆಯಲು ಆಗುತ್ತದೆಯೇ ಎಂದು ವಿದ್ಯಾರ್ಥಿಗಳು ಈಗಲೂ ಕೇಳುತ್ತಾರೆ. ಧಾರಾಳವಾಗಿ ಆಗುತ್ತದೆ ಎನ್ನುತ್ತೇನೆ. ಹಾಗೆನ್ನುವಾಗ ನನಗೆ ಅಪ್ಪನ ಹೆಬ್ಬೆರಳು ನೆನಪಾಗುವುದು ಅವರಿಗೆ ಗೊತ್ತಿಲ್ಲ.

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಸೋತಾಗ ನಾನು ದೇವದುರ್ಗದ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಮಾನ್ವಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಭತ್ತವನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಇನ್ನೂ ಹಸಿ ಇದೆ ಎಂದು ಗಾಡಿಗಳನ್ನೇ ವಾಪಸು ಕಳಿಸಿದ ಕೈ ಅದು. ಆದರೆ ಅಪ್ಪನ ಚಿಂತೆ ಭತ್ತದ್ದಲ್ಲ. ಪೂಜೆಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದರೆ ಬಲಗೈಯಿಂದ ಬಿಲ್ವಪತ್ರಿ ಏರಿಸಲು ಆಗುತ್ತಿರಲಿಲ್ಲ. ಅವ್ವ ಏರಿಸಲು ಬಂದರೆ ಮುಖ ತಿರುಗಿಸುತ್ತಿದ್ದರು. ಪೂಜೆ ಅರ್ಧವಾಯಿತೆಂದು ಊಟವನ್ನೂ ಅರ್ಧಕ್ಕೇ ಬಿಡುತ್ತಿದ್ದರು. ನೋಡನೋಡುತ್ತಾ ಸೊರಗಿಹೋದರು, ನನಗೆ ಹೆದರಿಕೆ ಹತ್ತಿತು.

ಹೆಬ್ಬೆರಳಿಗೆ ಕೆಲಸ ಕೊಡಿ ಎಂದು ರಾಯಚೂರಿನ ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಅಪ್ಪ ಮಂಚದ ಕೆಳಗೆ ಉರುಳಿಸಿದ್ದರು. ಅವರನ್ನು ಹಿಡಿದು ಕೂರಿಸಿದ್ದು ನಾನು ಚಿಕ್ಕವಳಿದ್ದಾಗ ಆಡಿದ ಅಂಗೈಯಗಲದ ಗೇಮ್ ಯಂತ್ರ. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಗುಂಡಿ ಒತ್ತಿ ತಿರುಗಿಸಿ ಜೋಡಿಸುವ ಆಟ. ಗೋದಾಮಿನಲ್ಲಿ ಚೀಲ ಒಟ್ಟಿದ ಹಾಗೇ ಇದೆ ಎಂದು ಹಚ್ಚಿಕೊಂಡರು. ಅಷ್ಟರಲ್ಲಿ ಯಂತ್ರದ ಪರದೆಯೇ ಕೆಟ್ಟಿತು.

ಸಿದ್ಧ ಎಮ್ಯುಲೇಟರುಗಳು ಸಿಗುತ್ತವೆ, ಇಲ್ಲವೆಂದಲ್ಲ. ಆದರೆ ಅಪ್ಪನ ಬೆರಳಿಗೆ ತಕ್ಕಂತೆ ದಿನದಿನವೂ ಆಟವನ್ನು ತಿದ್ದಲು ಅದು ನನ್ನ ಕೈಯೊಳಗೇ ಇರಬೇಕಿತ್ತು. ನನಗೆ ಬರುವ ಜಾವಾದಲ್ಲೇ ಬರೆಯಲು ಕುಳಿತೆ. ಕಾಲೇಜಿನ ಸಹೋದ್ಯೋಗಿ ನಕ್ಕು, ಇದಕ್ಕೆಲ್ಲ ಸಿ ಭಾಷೆ ಹಿಡಿಯಬೇಕು, ಜಾವಾ ನಿಧಾನ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಆ ಹಳೆಯ ಯಂತ್ರದ ಚಿಪ್ ಮಾಡುವ ಕೆಲಸ ಇಂದಿನ ಲ್ಯಾಪ್‌ಟಾಪಿಗೆ ಯಾವ ಲೆಕ್ಕ? ಬರೆದೇ ತೋರಿಸಿದೆ. ವೇಗ ಬೇಕಾದಷ್ಟಿತ್ತು.

ತೊಂದರೆ ಬೇರೆ ಕಡೆಯಿಂದ ಬಂತು. ಬಳಸಿ ಬಿಟ್ಟ ಮೆಮೊರಿಯನ್ನು ಜಾವಾ ತಾನೇ ಗುಡಿಸುತ್ತದೆ, ಗುಡಿಸುವಾಗ ಕ್ಷಣಹೊತ್ತು ಪ್ರೋಗ್ರಾಮು ನಿಲ್ಲುತ್ತದೆ. ಮಾತೆತ್ತಿದರೆ ಮೆಮೊರಿ ತಿನ್ನುವ ಹೊಸ ಆಬ್ಜೆಕ್ಟ್ ಮಾಡುವುದು ನಮ್ಮಂಥ ಜಾವಾ ಮೇಡಂಗಳ ಚಟ. ಪರದೆಯ ಪ್ರತಿ ಚಿತ್ರಕ್ಕೂ ನಾನು ಅವನ್ನು ರಾಶಿ ಹಾಕಿದ್ದೆ. ಒಂದು ಸಂಜೆ ಅಪ್ಪ ಲ್ಯಾಪ್‌ಟಾಪಿಗೆ ವೈರಿನಿಂದ ಜೋಡಿಸಿದ ಜಾಯ್‌ಪ್ಯಾಡಿನ ಗುಂಡಿ ಒತ್ತಿದರು, ಇಟ್ಟಿಗೆ ತಿರುಗಲಿಲ್ಲ. ಅವರು ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು.

"ಮತ್ತ ಕೈ ಹೋತವ್ವಾ," ಎಂದರು.

ನಿಂತದ್ದು ಜಾವಾ, ಕೈಯಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಜಾಯ್‌ಪ್ಯಾಡ್ ಮುಟ್ಟುವುದನ್ನೇ ಬಿಟ್ಟರು.

ಕಾಲೇಜಿಗೆ ರಜೆ ಹಾಕಿ ಎಲ್ಲವನ್ನೂ ಬಿಚ್ಚಿ ಬರೆದೆ. ಗುಡಿಸಲು ಏನೂ ಉಳಿಯದಂತೆ, ಶುರುವಿನಲ್ಲೇ ಮಾಡಿಟ್ಟ ಅರೇಗಳನ್ನೇ, ಅಂದರೆ ಮೆಮೊರಿಯ ಖಾನೆಗಳನ್ನೇ, ಕೊನೆಯವರೆಗೂ ಬಳಸಿದೆ. ಪರದೆಯ ಮೂಲೆಯಲ್ಲೊಂದು ಹಸಿರು ಚುಕ್ಕಿ ಇಟ್ಟೆ. ಜಾವಾ ಸ್ವಲ್ಪ ನಿಂತರೂ ಅದು ಕೆಂಪಾಗಬೇಕು. ಕೆಂಪಾದರೆ ತಪ್ಪು ನನ್ನದು, ಕೈಯದಲ್ಲ ಎಂದು ಅಪ್ಪನಿಗೆ ತಿಳಿಸಿ ಹೇಳಿದೆ. ಅವರು ಮೂಲೆ ನೋಡಿಕೊಂಡೇ ಆಡಿದರು. ಬರಬರುತ್ತಾ ಕೆಂಪು ಕಾಣುವುದೇ ನಿಂತಿತು. ಹೆಬ್ಬೆರಳು ತಿರುಗಿತು. ಒಂದು ಬೆಳಿಗ್ಗೆ ತಾವೇ ಪತ್ರಿ ಏರಿಸಿ, ತಟ್ಟೆ ತುಂಬ ಹಾಕಿಸಿಕೊಂಡು ಉಂಡರು. ಬಡಿಸುತ್ತಾ ಅವ್ವ ಕಣ್ಣೊರೆಸಿಕೊಂಡಳು.

ಆಮೇಲೊಂದು ಭಾನುವಾರ ಅಪ್ಪನ ಪಕ್ಕದಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ಒಂದು ಇಟ್ಟಿಗೆ ತಿರುಗದೆ ನೇರ ಬಿತ್ತು. ಅದರ ಹಿಂದೆ ಇನ್ನೊಂದು. ಮೂಲೆಗೆ ನೋಡಿದೆ. ಚುಕ್ಕಿ ಹಸಿರಾಗಿಯೇ ಇತ್ತು, ಜಾವಾ ನಿಂತಿರಲಿಲ್ಲ. ನಾನು ಬರೆದದ್ದರಲ್ಲಿ ತಪ್ಪಿರಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ. ಅಪ್ಪನೂ ಮೂಲೆಗೆ ನೋಡಿ, ನನ್ನ ಕಡೆ ತಿರುಗಿದರು.

"ನಿನ್ನ ಜಾವಾ ನಿಂತದ, ಹೌದಲ್ಲ?" ನಾಲಿಗೆ ತೊದಲುತ್ತಿತ್ತು.

"ಹೌದ್ರಿ ಯಪ್ಪಾ. ಅದ ನಿಂತದ."

ಚುಕ್ಕಿಯನ್ನು ಇಬ್ಬರೂ ನೋಡಿದ್ದೆವು. ಪಕ್ಕದ ಮನೆಯವರ ಕಾರಿನಲ್ಲಿ ಅಪ್ಪನನ್ನು ಹಿಂದೆ ಕೂರಿಸಿಕೊಂಡು ರಾಯಚೂರಿನ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಕಲ್ಮಲ ಊರು ದಾಟುವಾಗ ಮುಂದಿನ ಸೀಟಿನಿಂದ ತಿರುಗಿ ನೋಡಿದೆ. ಜಾಯ್‌ಪ್ಯಾಡ್ ಅವರ ಮಡಿಲಲ್ಲೇ ಇತ್ತು, ವೈರು ಸೀಟಿನಿಂದ ಕೆಳಗೆ ಜೋತುಬಿದ್ದಿತ್ತು. ಅಪ್ಪ ಎಡಗೈಯಿಂದ ಬಲ ಹೆಬ್ಬೆರಳನ್ನು ಹಿಡಿದು, ಗುಂಡಿಯ ಮೇಲಿಟ್ಟು ಒತ್ತಿ ಒತ್ತಿ ನೋಡುತ್ತಿದ್ದರು.