ಎಡಕ್ಕೆ ವಾಲಿದ ಬಸವಣ್ಣ

ನಮ್ಮ ಅತ್ತೆಯ ಲೆಕ್ಕ ಬಹಳ ಸರಳವಾಗಿತ್ತು. ಸೊಸೆಯ ಸೊಂಟನೋವು ನಿಜವಾಗಿದ್ದರೆ ಅದಕ್ಕೆ ಹೊಲಿಗೆ ಮಶಿನ್ನೇ ಕಾರಣ, ಆದ್ದರಿಂದ ಮಶಿನ್ ಕಂಪ್ಲಿಯಲ್ಲಿರುವ ಮಗಳ ಮನೆಗೆ ಹೋಗಬೇಕು. ನೋವು ಸುಳ್ಳಾಗಿದ್ದರೆ ಸೊಸೆ ಮಶಿನ್ ಬಿಟ್ಟು ಎದ್ದು ರೊಟ್ಟಿ ಬಡಿಯಬೇಕು. ಆಗ ಮಶಿನ್ನಿಗೆ ಇಲ್ಲಿ ಕೆಲಸವಿಲ್ಲ, ಆದ್ದರಿಂದ ಅದು ಕಂಪ್ಲಿಗೆ ಹೋಗಬೇಕು. ಯಾವ ದಾರಿ ಹಿಡಿದರೂ ಕಂಪ್ಲಿಯೇ ಬರುತ್ತಿತ್ತು. ಹೊಸಪೇಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಮಶಿನ್ ಉಳಿಯಬೇಕಾದರೆ ನಾನು ಎರಡು ಮಾತನ್ನು ಒಟ್ಟಿಗೆ ಸಾಧಿಸಬೇಕಿತ್ತು. ನನಗೆ ನೋವಿದೆ, ಆದರೂ ನಾನು ಹೊಲಿಯುತ್ತೇನೆ. ಇವೆರಡೂ ಒಂದೇ ಬಾಯಿಂದ ಬಂದರೆ ಯಾರೂ ನಂಬುವುದಿಲ್ಲ ಎಂಬುದನ್ನು ಗಣಿ ಜೋರಾಗಿದ್ದ ಆ ವರ್ಷಗಳಲ್ಲಿ ಕಲಿತೆ.

ನೋವು ಬಂದದ್ದು ಎರಡನೇ ಹೆರಿಗೆಯ ನಂತರ. ಬಂದ ಹಾಗೆ ಹೋಗುತ್ತದೆ ಎಂದುಕೊಂಡಿದ್ದೆ, ಅದು ಗಂಟುಮೂಟೆ ಸಮೇತ ಬಂದಿತ್ತು. ಬಲಸೊಂಟದಲ್ಲಿ ಹುಟ್ಟಿ, ತೊಡೆಯ ಹಿಂಬದಿಯಿಂದ ಮೀನಖಂಡದವರೆಗೆ ಇಳಿಯುತ್ತಿತ್ತು. ಬೆಳಿಗ್ಗೆ ನಾನು ಹಾಸಿಗೆಯಿಂದ ಒಂದೇ ಸಲ ಏಳುತ್ತಿರಲಿಲ್ಲ, ಕಂತುಕಂತಾಗಿ ಏಳುತ್ತಿದ್ದೆ. ಮೊದಲು ಮಗ್ಗುಲು, ಆಮೇಲೆ ಮೊಣಕೈ, ಆಮೇಲೆ ದೇವರ ಹೆಸರು, ಕೊನೆಗೆ ಕಾಲು. ಡಾಕ್ಟರು ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಎಲ್ಲಾ ನಾರ್ಮಲ್ ಎಂದು ಗುಳಿಗೆ ಬರೆದುಕೊಟ್ಟರು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಆ ಒಂದು ಶಬ್ದ ಅವರ ನಾಲಿಗೆಯಲ್ಲಿ ನೆಲೆನಿಂತಿತು. ಎಕ್ಸ್‌ರೇಯನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಜೊತೆ ಇಟ್ಟರು. ನೆಂಟರು ಬಂದು ಸೊಸೆ ಹೇಗಿದ್ದಾಳೆ ಎಂದು ಕೇಳಿದರೆ ಅದನ್ನು ತಂದು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ನಮ್ಮ ಬಳಗದಲ್ಲಿ ನನ್ನ ಎಲುಬು ನೋಡದವರು ಯಾರೂ ಉಳಿದಿರಲಿಲ್ಲ.

ಎಲುಬು ನೋಡಿದವರೆಲ್ಲ ಮದ್ದು ಹೇಳಿಯೇ ಹೋಗುತ್ತಿದ್ದರು. ಮೆಟ್ರಿಯ ಚಿಕ್ಕಮ್ಮ ಭತ್ತದ ತೌಡು ಹುರಿದು ಶಾಖ ಕೊಡಲು ಹೇಳಿ, ಒಂದು ಚೀಲ ತೌಡನ್ನೇ ಬಸ್ಸಿಗೆ ಹಾಕಿ ಕಳಿಸಿದಳು. ಮಲಪನಗುಡಿಯಲ್ಲಿ ತಿಕ್ಕುವ ಅಜ್ಜಿಯೊಬ್ಬಳಿದ್ದಳು. ಆಕೆ ನನ್ನನ್ನು ಬೋರಲು ಮಲಗಿಸಿ, ಗೋಡೆ ಹಿಡಿದು ನನ್ನ ಬೆನ್ನ ಮೇಲೆ ನಿಂತು, ತನ್ನ ಮೊಮ್ಮಗಳಿಗೆ ಗಂಡು ನೋಡಿದ ಕತೆಯನ್ನು ಮೊದಲಿನಿಂದ ಹೇಳತೊಡಗಿದಳು. ಗಂಡು ಒಪ್ಪುವವರೆಗೆ ಕೆಳಗಿಳಿಯಲಿಲ್ಲ. ಆಮೇಲೆ ಕೆಲವು ದಿನ ನನಗೆ ಸೀನಲೂ ಹೆದರಿಕೆಯಾಗುತ್ತಿತ್ತು.

ನನ್ನ ನೋವಿನ ಮೇಲೆ ಅನುಮಾನ ಹುಟ್ಟಿಸಿದ್ದು ರೊಟ್ಟಿ. ಅಡುಗೆ ಕಟ್ಟೆಯ ಮುಂದೆ ನಿಂತು ರೊಟ್ಟಿ ಬಡಿಯುವುದೆಂದರೆ ಅತ್ತೆಯ ಪ್ರಕಾರ ರೊಟ್ಟಿಗೆ ಮಾಡುವ ಅಪಮಾನ. ಅದಕ್ಕಾಗಿ ಒಂದು ದಪ್ಪ ಮರದ ಹಲಗೆ ಇತ್ತು, ನೆಲದಲ್ಲಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ಕೈಯಿಂದ ಬಡಿಯಬೇಕು. ಹಾಗೆ ಕೂತರೆ ನಾನು ಏಳಲು ಇಬ್ಬರು ಬೇಕಾಗುತ್ತಿತ್ತು. ಮಶಿನ್ ಮುಂದೆ ಹಾಗಲ್ಲ. ಎತ್ತರದ ಸ್ಟೂಲಿನಲ್ಲಿ ಎಡಪಕ್ಕೆಯ ಮೇಲೆ ಭಾರ ಹಾಕಿ, ಬಲಸೊಂಟವನ್ನು ಗಾಳಿಯಲ್ಲಿ ಬಿಟ್ಟು, ಎಡಗಾಲಿನಿಂದ ಪೆಡಲು ತುಳಿಯುತ್ತಾ ಒಂದಷ್ಟು ಹೊತ್ತು ಕೂರಬಹುದಿತ್ತು. ನೋವು ಆಗಲೂ ಇರುತ್ತಿತ್ತು. ಆದರೆ ಸೂಜಿಯ ಕೆಳಗೆ ಒಂದು ಹೂವು ಅರಳುತ್ತಿದ್ದರೆ ಅದು ಪಕ್ಕದ ಮನೆಯ ಜಗಳದ ಹಾಗೆ ಗೋಡೆಯಾಚೆಗೆ ಹೋಗಿ ಕೇಳಿಸುತ್ತಿತ್ತು. ಇದನ್ನು ಅತ್ತೆಗೆ ತಿಳಿಸಿ ಹೇಳಲು ನನಗೆ ಬರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ.

“ಹೊಲಿಯಾಕ ಬರತೈತಿ, ರೊಟ್ಟಿ ಬಡಿಯಾಕ ಬರಂಗಿಲ್ಲ,” ಎಂದು ಅವರು ಒಮ್ಮೆ ಊಟಕ್ಕೆ ಕೂತ ಮಂದಿಯೆದುರೇ ಹೇಳಿದರು. “ಇದ್ಯಾವ ಸೊಂಟನೋವವ್ವಾ, ಕೆಲಸ ನೋಡಿ ಬರೋದು?”

ಅವತ್ತು ಪಂಚಮಿ ಹಬ್ಬ. ಎಲ್ಲರೂ ನಕ್ಕರು. ನಾನು ಊಟಕ್ಕೆ ಕೂರದೆ ಪಡಸಾಲೆಗೆ ಹೋಗಿ, ಸಿಟ್ಟಿನಲ್ಲಿ ಮಶಿನ್ ತುಳಿದೆ. ಕೈಗೆ ಸಿಕ್ಕಿದ್ದು ಹಸಿರು ಅಂಚಿನ ಒಂದು ಲಾರಿ ಪರದೆ.

ಲಾರಿ ಪರದೆ ಏಕೆಂದರೆ ನಮ್ಮವರದು ಸಂಡೂರು ರಸ್ತೆಯಲ್ಲಿ ಲಾರಿ ಅಲಂಕಾರದ ಅಂಗಡಿ. ಗೊಂಡೆ, ಹಗ್ಗ, ಹಾರ್ನು, ಸೀಟಿನ ಕವರು, ದೃಷ್ಟಿಗೆ ಕಟ್ಟುವ ಕಪ್ಪು ದಾರ, ಎಲ್ಲ ಸಿಗುತ್ತಿತ್ತು. ಆಗ ಅದಿರಿನ ಲಾರಿಗಳು ಇರುವೆ ಸಾಲು. ಹೊಲ ಇದ್ದವರೂ ಲಾರಿ ಕೊಂಡಿದ್ದರು, ಅಕ್ಕಿ ಗಿರಣಿಯವರೂ ಲಾರಿ ಕೊಂಡಿದ್ದರು, ಸೈಕಲ್ ಹೊಡೆಯಲು ಬಾರದವರೂ ಲಾರಿ ಮಾಲೀಕರಾಗಿದ್ದರು. ಮಗಳನ್ನು ಸಿಂಗರಿಸಿದಂತೆ ಲಾರಿಯನ್ನು ಸಿಂಗರಿಸುವರು, ಆಮೇಲೆ ಅದರ ಮೇಲೆ ಬೆಟ್ಟವನ್ನೇ ಹೇರುವರು. ಮುಂದಿನ ಗಾಜಿನ ಮೇಲಂಚಿಗೆ ತೂಗುಬಿಡುವ ಪಟ್ಟಿ ಪರದೆಯ ನಡುವೆ ದೇವರ ಚಿತ್ರ ಬೇಕೇಬೇಕು. ನಮ್ಮ ಕಡೆ ಹೆಚ್ಚಿನವರು ಕೇಳುತ್ತಿದ್ದುದು ಬಸವಣ್ಣನನ್ನು, ಅಂದರೆ ಕೂತ ನಂದಿಯನ್ನು. ಬಿಳಿ ರೇಷ್ಮೆ ದಾರದಲ್ಲಿ ನಾನು ಕೂರಿಸಿ ಕಳಿಸಿದ ಬಸವಣ್ಣ ಒಂದು ಟ್ರಿಪ್ ಮುಗಿಸಿ ಬರುವುದರೊಳಗೆ ಕೆಂಪು ಧೂಳು ಕುಡಿದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದ.

ಮಶಿನ್ ಕಸೂತಿಗೆ ಒಂದು ಕ್ರಮವಿದೆ. ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಬಟ್ಟೆಯ ಮೇಲೆ ಹರವಿ, ಸೀಮೆಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಒರೆಸಿದರೆ ತೂತುಗಳಿಂದ ಇಳಿದು ಚಿತ್ರ ಮೂಡುತ್ತದೆ. ಆಮೇಲೆ ಬಟ್ಟೆಯನ್ನು ರಿಂಗಿಗೆ ಬಿಗಿದು, ಗೆರೆಯ ಮೇಲೆ ಹೊಲಿಗೆ ಓಡಿಸಬೇಕು. ಆದರೆ ಆ ಚಿತ್ರ ಇಳಿಸುವ ಕೆಲಸ ನೆಲದ ಮೇಲೆ ಬಗ್ಗಿ ಮಾಡುವಂಥದ್ದು. ಬಗ್ಗುವುದು ನನ್ನಿಂದ ಆಗದು. ಹಾಗಾಗಿ ನಾನು ನೀಲಿಯನ್ನು ಬಿಟ್ಟು, ಕಣ್ಣಂದಾಜಿನಲ್ಲೇ ಸೂಜಿಯಿಂದ ಬಸವಣ್ಣನನ್ನು ಬರೆಯತೊಡಗಿದೆ. ಗೋಣು, ಡುಬ್ಬ, ಗಂಟೆಸರ, ಮಡಚಿದ ಕಾಲು, ಎಲ್ಲ ಚೆನ್ನಾಗಿಯೇ ಬರುತ್ತಿದ್ದವು. ನಮ್ಮವರು ಮೊದಲನೆಯದನ್ನು ಅಂಗಡಿಯಲ್ಲಿ ತೂಗುಹಾಕಿ ದೂರ ನಿಂತು ನೋಡಿ, ಬಸವಣ್ಣ ಯಾಕೆ ಎಡಕ್ಕೆ ವಾಲಿದ್ದಾನೆ ಎಂದು ಕೇಳಿದರು. ನಾನು ಪಡಸಾಲೆಯಲ್ಲಿ ಎಡಕ್ಕೆ ವಾಲಿ ಕೂತಿದ್ದೆ, ನನ್ನ ಕಣ್ಣಿಗೆ ಅವನು ನೆಟ್ಟಗೇ ಇದ್ದ. ಅವನಿಗೂ ದಣಿವಾಗಿರಬೇಕು ಎಂದುಬಿಟ್ಟೆ. ಅವರು ಅಂಥವನ್ನು ಅಂಗಡಿಯ ಹಿಂಬದಿಗೆ, ಟೈರುಗಳ ನೆರಳಿಗೆ ಸೇರಿಸಿದರು.

ಪಂಚಮಿಯ ದಿನ ಹೊಲಿದ ಹಸಿರು ಅಂಚಿನದು ಎಲ್ಲಕ್ಕಿಂತ ಹೆಚ್ಚು ವಾಲಿತ್ತು. ಸಂಡೂರಿನ ಲಾರಿ ಮಾಲೀಕನೊಬ್ಬ ಗಡಿಬಿಡಿಯಲ್ಲಿ ಬಂದು, ಮುಂದೆ ತೂಗುಹಾಕಿದ್ದೆಲ್ಲ ಮುಗಿದಿದ್ದರಿಂದ ಹಿಂಬದಿಯಲ್ಲಿ ಕೈಗೆ ಸಿಕ್ಕ ಅದನ್ನೇ ಒಯ್ದ. ಕೆಲವು ವಾರಗಳ ನಂತರ ಘಾಟಿಯ ತಿರುವಿನಲ್ಲಿ ಅವನ ಲಾರಿಯ ಬಲಗಡೆಯ ಚಕ್ರಗಳು ರಸ್ತೆಯಂಚಿನ ಮೆತ್ತನೆ ಮಣ್ಣಿಗೆ ಇಳಿದವು. ಹೇರಿದ್ದು ಯಾವಾಗಿನಂತೆ ಮಿತಿಮೀರಿ. ಲಾರಿ ಬಲಕ್ಕೆ ವಾಲಿತು, ಇನ್ನೇನು ಉರುಳಬೇಕು, ಉರುಳಲಿಲ್ಲ. ಮಾಲೀಕ ಅವತ್ತು ಕ್ಯಾಬಿನ್ನಿನಲ್ಲೇ ಇದ್ದ. ಮರುದಿನ ಅಂಗಡಿಗೆ ಬಂದು ಬಾಗಿಲಲ್ಲಿ ತೆಂಗಿನಕಾಯಿ ಒಡೆದ.

“ಗಾಡಿ ಬಲಕ್ಕ ಮಗುಚಾಕತ್ತಿತ್ರಿ,” ಎಂದು ನಮ್ಮವರಿಗೆ ಹೇಳಿದನಂತೆ. “ಬಸವಣ್ಣ ಎಡಕ್ಕ ವಾಲಿ ತೂಕ ಹಿಡದಾನ. ಇಲ್ಲಂದ್ರ ಗಾಡಿನೂ ಇಲ್ಲ, ನಾನೂ ಇಲ್ಲ.”

ಈ ಸುದ್ದಿ ಲಾರಿ ತೂಗುವ ಕಟ್ಟೆಯಿಂದ ಕಟ್ಟೆಗೆ, ಕಡ್ಡಿರಾಂಪುರದ ಊಟದ ಡಾಬಾಗಳವರೆಗೆ ಹಬ್ಬಿತು. ಎಲ್ಲರಿಗೂ ಎಡಕ್ಕೆ ವಾಲಿದ ಬಸವಣ್ಣನೇ ಬೇಕಾದ. ಕಡಿಮೆ ತುಂಬಿದರೆ ಲಾರಿ ಉರುಳುವುದಿಲ್ಲ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬದಲಾಗಿ, ಬಸವಣ್ಣ ಇದ್ದಾನಲ್ಲ ಎಂದು ಇನ್ನೂ ಒಂದೆರಡು ಬುಟ್ಟಿ ಹೆಚ್ಚೇ ಹೇರಿದರು. ಟೈರಿನ ನೆರಳಲ್ಲಿದ್ದ ಬಸವಣ್ಣರೆಲ್ಲ ಬಾಗಿಲಿಗೆ ಬಂದರು. ಅತ್ತೆ ಕಂಪ್ಲಿಯ ಮಾತನ್ನು ಸ್ವಲ್ಪ ದಿನ ತಡೆಹಿಡಿದರು. ಮಶಿನ್ ಮೇಲೆ ಅವರಿಗೆ ಭಕ್ತಿ ಬಂದಿತ್ತು, ನನ್ನ ಸೊಂಟದ ಮೇಲೆ ಬಂದಿರಲಿಲ್ಲ.

ಅಷ್ಟರಲ್ಲಿ ನನ್ನ ಅದೃಷ್ಟ ಖುಲಾಯಿಸಿತು. ಊರಿಗೆ ಹೊಸದಾಗಿ ಬಂದಿದ್ದ ವ್ಯಾಯಾಮದ ಡಾಕ್ಟರಮ್ಮ ಒಬ್ಬರು ಎಕ್ಸ್‌ರೇಯನ್ನು ಪಕ್ಕಕ್ಕಿಟ್ಟು, ಹೊಲಿಯಲು ಹೇಗೆ ಕೂರುತ್ತೀ ತೋರಿಸು ಎಂದರು. ಕೂತು ತೋರಿಸಿದೆ. ಅವರು ಹುಬ್ಬು ಗಂಟಿಕ್ಕಿದರು. ಸ್ಟೂಲು ಹೋಗಿ ಗಟ್ಟಿ ಕುರ್ಚಿ ಬಂತು, ಪೆಡಲಿನ ಬದಲು ಮಶಿನ್ನಿಗೆ ಮೋಟಾರು ಬಂತು, ಕಾಲಡಿಗೆ ಇಟ್ಟಿಗೆ ಬಂತು. ದಿನಾ ಚಾಪೆಯ ಮೇಲೆ ಮಲಗಿ ಮೊಣಕಾಲನ್ನು ಎದೆಗೆ ಎಳೆದುಕೊಳ್ಳಬೇಕು. ಚಳಿ ಕಳೆದು ಬಿಸಿಲು ಬರುವ ಹೊತ್ತಿಗೆ ನೋವು ಮೆಲ್ಲಗೆ ಹಿಂದೆ ಸರಿಯಿತು. ಒಂದು ಬೆಳಿಗ್ಗೆ ದೇವರ ಹೆಸರು ಹೇಳುವುದನ್ನೂ ಮರೆತು ಎದ್ದುಬಿಟ್ಟೆ. ಆ ಸುಖವನ್ನು ಯಾರಿಗಾದರೂ ಹೇಳಬೇಕು ಅನಿಸಿತು, ಆದರೆ ಇರದ ನೋವು ಹೋಯಿತು ಎಂದು ಯಾರಿಗೆ ಹೇಳಲಿ?

ನಾನು ಹೇಳದಿದ್ದರೂ ಬಸವಣ್ಣ ಹೇಳಿದ. ನನಗೆ ಗೊತ್ತಿಲ್ಲದಂತೆ ಅವನು ನೆಟ್ಟಗೆ ಕೂತಿದ್ದ. ಪರದೆಗಳು ಒಂದೊಂದಾಗಿ ವಾಪಸು ಬರತೊಡಗಿದವು. ಇದು ನಮ್ಮ ಬಸವಣ್ಣ ಅಲ್ಲ ಎಂದರು. ಇವನು ತೂಕ ಹಿಡಿಯುವುದಿಲ್ಲ ಎಂದರು. ನಮ್ಮವರು ತಲೆಕೆಡಿಸಿಕೊಂಡು, ಮೂಲ ಬಸವಣ್ಣ ಹೇಗಿದ್ದಾನೆ ನೋಡಿಯೇ ಬಿಡೋಣ ಎಂದು ನನ್ನನ್ನು ಸ್ಕೂಟರಿನಲ್ಲಿ ಹಂಪಿಗೆ ಕರೆದೊಯ್ದರು. ಬಜಾರಿನ ತುದಿಯಲ್ಲಿ ಎದುರು ಬಸವಣ್ಣ ಎಂದು ಕರೆಯುವ ದೊಡ್ಡ ಕಲ್ಲಿನ ನಂದಿಯ ಮುಂದೆ ನಿಂತು, ಯಾವ ದಿಕ್ಕಿನಿಂದಲಾದರೂ ಸ್ವಲ್ಪ ವಾಲಿದಂತೆ ಕಾಣುವುದೇ ಎಂದು ಕತ್ತು ಸೊಟ್ಟ ಮಾಡಿ ಸುತ್ತು ಹಾಕಿದರು. ಅವರನ್ನು ನೋಡಿ ಇಬ್ಬರು ವಿದೇಶಿ ಪ್ರವಾಸಿಗರೂ ಕತ್ತು ಸೊಟ್ಟ ಮಾಡಿದರು. ಬಸವಣ್ಣ ಮಾತ್ರ ಶತಮಾನಗಳಿಂದ ಕೂತಲ್ಲೇ ಕೂತು ಕದಲದೆ ಇದ್ದ. ನನಗೆ ಅವನ ಬೆನ್ನಿನ ಮೇಲೆ ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದ ಮೇಲೆ ನಮ್ಮವರು ಬೇಕಂತಲೇ ಸ್ವಲ್ಪ ವಾಲಿಸಲು ಆಗುತ್ತದೆಯೇ ಎಂದು ಸಂಕೋಚದಿಂದ ಕೇಳಿದರು. ಒಳ್ಳೆಯ ಮನುಷ್ಯ, ಆದರೆ ವ್ಯಾಪಾರಿ. ನಾನೂ ಪ್ರಯತ್ನಿಸಿದೆ. ಒಬ್ಬ ಬಸವಣ್ಣ ಎತ್ತಿನಗಾಡಿಯಿಂದ ಜಾರಿ ಬೀಳುತ್ತಿರುವಂತೆ ಬಂದ, ಇನ್ನೊಬ್ಬ ತೂಕಡಿಸಿದ. ಬಲಸೊಂಟದ ಕೆಳಗೆ ದಿಂಬಿಟ್ಟು, ಮೊದಲಿನ ಹಾಗೆ ಎಡಕ್ಕೆ ವಾಲಿ ಕೂತಾಗ ಒಬ್ಬ ಸರಿಯಾಗಿ ಬಂದ. ಅವನ ಜೊತೆಗೇ ಮೀನಖಂಡದ ಹಳೆಯ ಸೆಳೆತವೂ ಬಂತು. ದಿಂಬನ್ನು ಎಸೆದೆ, ನನ್ನಿಂದ ಆಗದು ಎಂದೆ.

ಅತ್ತೆಗೆ ಇಷ್ಟು ಸಾಕಾಯಿತು. ನೋವೂ ಇಲ್ಲ, ಬಸವಣ್ಣನೂ ವಾಲುತ್ತಿಲ್ಲ. ಕಂಪ್ಲಿಗೆ ಫೋನು ಹೋಯಿತು. ಸೋಮವಾರ ಟೆಂಪೋ ಬರುವುದು ಎಂದು ನಿಶ್ಚಯವಾಯಿತು. ನಾನು ಅವತ್ತು ಮಶಿನ್ ಮೇಲೆ ಬಟ್ಟೆ ಹೊದಿಸಿ, ಅದರ ಪಕ್ಕದಲ್ಲೇ ಮಲಗಿ ಕಣ್ಣೀರು ಹಾಕಿದೆ. ಅತ್ತದ್ದು ಸೊಂಟಕ್ಕಲ್ಲ.

ಭಾನುವಾರ ಪರದೆ ಒಗೆಯುವ ದಿನ. ಗಿರಾಕಿಗಳು ಹಳೆಯ ಪರದೆಗಳನ್ನು ಧೂಳು ತೆಗೆಸಲು ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದರು. ದೇವರಿರುವ ಬಟ್ಟೆಯನ್ನು ಅಗಸರಿಗೆ ಕೊಡಬಾರದೆಂದು ಅತ್ತೆ ತಾವೇ ಹಿತ್ತಲಲ್ಲಿ ಒಗೆಯುತ್ತಿದ್ದರು. ಬಕೆಟ್ಟುಗಟ್ಟಲೆ ಕೆಂಪು ನೀರು ಹರಿಯಿತು. ಎಲ್ಲ ಒಗೆದು, ಹಗ್ಗದ ಮೇಲೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಅವರು ತಿರುಗಲಿಲ್ಲ, ಅಲ್ಲೇ ನಿಂತರು. ನಾನು ಹಿತ್ತಲ ಬಾಗಿಲಲ್ಲಿದ್ದೆ. ಹಗ್ಗದ ಮೇಲೆ ಬಿಳುಪಾದ ಬಸವಣ್ಣರು ಸಾಲಾಗಿದ್ದರು. ಒಬ್ಬ ಸ್ವಲ್ಪ ವಾಲಿದವನು, ಒಬ್ಬ ಹೆಚ್ಚು ವಾಲಿದವನು, ಕೊನೆಗೆ ವಾಪಸು ಬಂದ ನೆಟ್ಟಗಿನವರು. ಎಲ್ಲರನ್ನೂ ಒಟ್ಟಿಗೆ ನಾನೂ ನೋಡಿರಲಿಲ್ಲ.

ಅತ್ತೆ ನೆಟ್ಟಗಿನ ಒಬ್ಬನನ್ನು ತೋರಿಸಿ ಇದನ್ನು ಹೊಲಿದದ್ದು ಯಾವಾಗ ಎಂದರು. ಮೊನ್ನೆ, ನೋವು ಕಡಿಮೆಯಾದ ಮೇಲೆ ಎಂದೆ. ಈ ಕೆಂಪಂಚಿನದು? ಚಳಿಗಾಲದಲ್ಲಿ, ಬಸ್ಸು ಹತ್ತಲಾಗದೆ ಮೆಟ್ರಿಯ ಮದುವೆಗೆ ನಾನು ಬಾರದಿದ್ದಾಗ ಎಂದೆ. ಅವರು ಹಗ್ಗದುದ್ದಕ್ಕೂ ನಡೆದು ಹಸಿರಂಚಿನದರ ಮುಂದೆ ನಿಂತರು. ಸಂಡೂರಿನ ಮಾಲೀಕ ಒಗೆಯಲು ಬಿಟ್ಟುಹೋದದ್ದು. ಅದರ ಬಗ್ಗೆ ನನ್ನನ್ನು ಕೇಳಲಿಲ್ಲ.

“ಇದು ಪಂಚಮಿದು,” ಎಂದರು. “ಅವತ್ತು ನೀ ಉಣ್ಣಲಿಲ್ಲ.”

ನಾನು ಹೂಂ ಎಂದೆ.

“ಇಷ್ಟಿತ್ತೇನ ನೋವು?”

ನಾನು ಮತ್ತೆ ಹೂಂ ಎಂದೆ. ವರ್ಷಗಳಿಂದ ಯಾರೂ ಅದನ್ನು ಕೇಳಿರಲಿಲ್ಲ. ಡಾಕ್ಟರು ಇದೆಯೇ ಎಂದು ಕೇಳಿದ್ದರು, ನೆಂಟರು ಯಾಕೆ ಎಂದು ಕೇಳಿದ್ದರು, ಎಷ್ಟು ಎಂದು ಕೇಳಿದ್ದು ಇವರೊಬ್ಬರೇ. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಅತ್ತೆ ಒದ್ದೆಯಿದ್ದ ಆ ಪರದೆಯನ್ನು ಹಗ್ಗದಿಂದ ತೆಗೆದು ಒಳಗೆ ಒಯ್ದರು.

ಸೋಮವಾರ ಟೆಂಪೋ ಬಂತು. ಅದರಲ್ಲಿ ಕಂಪ್ಲಿಗೆ ಹೋದದ್ದು ರೊಟ್ಟಿ ಬಡಿಯುವ ಮರದ ಹಲಗೆ. ಮಗಳು ಗಟ್ಟಿಯಾಗಿದ್ದಾಳೆ, ಅವಳು ನೆಲದಲ್ಲಿ ಕೂತು ಬಡಿಯಲಿ ಎಂದರು. ಅವತ್ತಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಕಟ್ಟೆಯ ಮೇಲೆಯೇ ತಯಾರಾಗತೊಡಗಿತು. ರೊಟ್ಟಿಗೆ ಏನೂ ಅಪಮಾನವಾದಂತೆ ಕಾಣಲಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಎಕ್ಸ್‌ರೇ ಇದ್ದ ಜಾಗಕ್ಕೆ ಹಸಿರಂಚಿನ ಪರದೆ ಬಂತು. ನೆಂಟರು ನನ್ನ ಆರೋಗ್ಯ ಕೇಳಿದರೆ ಅತ್ತೆ ಈಗ ಅದನ್ನು ಬಿಡಿಸಿ ಹಿಡಿಯುತ್ತಿದ್ದರು. ನೆಂಟರಿಗೆ ಏನೂ ಅರ್ಥವಾಗದೆ ಕೈಮುಗಿಯುತ್ತಿದ್ದರು.

ಸಂಡೂರಿನ ಮಾಲೀಕ ಪರದೆ ಕೇಳಿಕೊಂಡು ಮನೆಗೇ ಬಂದ. ಇನ್ನೊಂದು ಲಾರಿ ಕೊಂಡಿದ್ದೇನೆ, ಅದಕ್ಕೂ ಇಂಥದೇ ವಾಲಿದವನು ಬೇಕು ಎಂದ. ಅತ್ತೆ ಅವನನ್ನು ಕೂರಿಸಿ, ಚಹಾ ಕೊಟ್ಟು, ಅವನ ಕೈಯಲ್ಲಿ ನೆಟ್ಟಗಿನ ಎರಡು ಬಸವಣ್ಣರನ್ನು ಇಟ್ಟರು. ಅವನು ಮುಖ ಸಪ್ಪಗೆ ಮಾಡಿಕೊಂಡು, ಇವರು ತೂಕ ಹಿಡಿಯುವರೇ ಎಂದು ಕೇಳಿದ. ನನಗೆ ಆಗಾಗ ನೋವು ಮರಳಿ ಬರುತ್ತಿತ್ತು, ಅವತ್ತೂ ಬಂದಿತ್ತು. ಬಾಗಿಲ ಚೌಕಟ್ಟಿಗೆ ಒರಗಿ, ಎಡಕ್ಕೆ ವಾಲಿ ನಿಂತಿದ್ದೆ. ಅತ್ತೆ ಒಮ್ಮೆ ನನ್ನ ಕಡೆ ನೋಡಿದರು.

“ನಿಮ್ಮ ಗಾಡಿ ತೂಕ ಹಿಡಿಯಾಕ ನಮ್ಮ ಸೊಸಿ ವಾಲೋದು ಬ್ಯಾಡ್ರಿ,” ಎಂದರು. “ಮಣ್ಣು ಕಡಿಮಿ ತುಂಬ್ರಿ.”