ಜವಾಬು ಕತ್ತರಿಸಿದ ಹಾಡು

ಪುಣೆಯ ಕೋಥರೂಡಿನ ಮನೆಯಲ್ಲಿ ಭೀಮವ್ವ ಕಮ್ಮಾರ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಸೊಸೆ ದೀಪಾಲಿ ಫೋನ್ ಹಿಡಿದು ಓಡಿಬಂದಳು.

"ಅತ್ತಿ, ನಿಮ್ಮ ಹಾಡು ಬಂದದರಿ!"

ಬಂದದ್ದು 'ಗೂಳಪ್ಪನ ಬಂಗಾರದ ಹಾಡುಗಳು' ಎಂಬ ಸಂಕಲನ. ನಲವತ್ತು ವರ್ಷಗಳ ಹಿಂದೆ ಪುಣೆಯ ಕನ್ನಡಿಗರ ಮದುವೆಯಿರಲಿ, ಗಣಪತಿ ಉತ್ಸವವಿರಲಿ, ಗೂಳಪ್ಪನ ಆರ್ಕೆಸ್ಟ್ರಾ ಬೇಕೇ ಬೇಕಿತ್ತು. ಆ ತಂಡದಲ್ಲಿ ಹಾಡುತ್ತಿದ್ದ ಒಬ್ಬಳೇ ಹೆಂಗಸು ಭೀಮವ್ವ. ಹಗಲು ಸದಾಶಿವ ಪೇಠದ ಟೇಲರ್ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದಳು, ಸಂಜೆ ಹಾಡುತ್ತಿದ್ದಳು. ಕ್ಯಾಸೆಟ್ಟುಗಳ ಮೇಲೆ ಅವಳ ಹೆಸರು ಒಮ್ಮೆಯೂ ಬರಲಿಲ್ಲ. 'ಗೂಳಪ್ಪ ಮತ್ತು ಸಂಗಡಿಗರು' ಎಂದಷ್ಟೇ ಇರುತ್ತಿತ್ತು. ಹಾಡಲು ಬಿಟ್ಟರಲ್ಲ, ಸಾಕು ಎಂದು ಆಗ ಸುಮ್ಮನಿದ್ದಳು.

ತಂಡಕ್ಕೆ ಹೆಸರು ತಂದದ್ದು ಒಂದು ಸವಾಲ್-ಜವಾಬಿನ ಹಾಡು. "ಬಾವ್ಯಾಗ ಬಿದ್ದ ಚಂದ್ರನ್ನ ಯಾರು ಎತ್ತ್ಯಾರ?" ಎಂದು ಗೂಳಪ್ಪ ಕೇಳಿದರೆ, "ಕೊಡ ಹೊತ್ತ ಹೆಂಗಸರು ದಿನಾ ಎತ್ತ್ಯಾರ" ಎಂದು ಭೀಮವ್ವ ತಟ್ಟನೆ ತಿರುಗಿ ಹೇಳುತ್ತಿದ್ದಳು. ಹಾಡಿನ ಆರು ಸವಾಲುಗಳು ಗೂಳಪ್ಪನವು. ಆರೂ ಜವಾಬುಗಳನ್ನು ಕಟ್ಟಿದವಳು ಅವಳೇ, ಅಂಗಡಿಯಲ್ಲಿ ಸೂಜಿ ಆಡಿಸುತ್ತ.

ದೀಪಾಲಿ ಹಾಡು ಹಚ್ಚಿದಳು. ಸವಾಲು ಬಂತು. ಡೋಲಕ್ ಬಂತು. ಮತ್ತೆ ಸವಾಲು. ಮೂರು ನಿಮಿಷಕ್ಕೆ ಹಾಡೇ ಮುಗಿಯಿತು. ಒಂದೂ ಜವಾಬಿಲ್ಲ.

ಭೀಮವ್ವನ ಕೈಯೊಳಗಿನ ಸೊಪ್ಪು ಹಿಚುಕಿ ಹೋಯಿತು. "ನಂಬರ್ ಹಚ್ಚು ಅವರ್ದು" ಎಂದಳು.

ಸಂಕಲನ ಹೊರತಂದ ಕಂಪನಿಯಲ್ಲಿ ಫೋನ್ ಎತ್ತಿದವನು ಚೇತನ ಎಂಬ ಬೆಂಗಳೂರಿನವನು. "ಅಮ್ಮಾ, ಇದು ಗೂಳಪ್ಪ ಸರ್ ಅವರ ಹಿಟ್ಸ್. ಫೋಕಸ್ ಅವರ ಮೇಲೇ ಇರ್ಬೇಕಲ್ವಾ? ಆರು ನಿಮಿಷ ಕೇಳೋ ಪೇಶೆನ್ಸ್ ಈಗ ಯಾರಿಗೂ ಇಲ್ಲ."

"ಹಂಗಾದ್ರ ಮೂರು ಸವಾಲು, ಮೂರು ಜವಾಬು ಇಡಬೇಕಿತ್ತು. ನನ್ನ ದನಿಗೇ ಯಾಕ ಕತ್ತರಿ ಹಾಕಿದ್ರಿ?"

"ಸರ್ ಅವರೇ ಓಕೆ ಮಾಡಿದ್ದು, ಅಮ್ಮಾ."

ಆ ಮಾತು ಅವಳಿಗೆ ಕಾದ ಎಣ್ಣೆ ಸಿಡಿದಂತಾಯಿತು. ಒಂದೇ ಟೆಂಪೋದಲ್ಲಿ ಕೂತು ಲೋಣಾವಳಾದ ಮಳೆಯಲ್ಲಿ ತೊಯ್ದು ಹಾಡಿ ಬಂದವರು ಅವರಿಬ್ಬರೂ.

ಫೋನಿನಲ್ಲಿ ಆಗಲೇ ಬಂದಿದ್ದ ಸಂಕಲನಕ್ಕೆ ಭಾನುವಾರ ಬಿಡುಗಡೆಯ ಸಮಾರಂಭ. ಯಾರೂ ಕರೆದಿರಲಿಲ್ಲ. ಭೀಮವ್ವ ಸೊಸೆಯ ಜೊತೆ ರಿಕ್ಷಾ ಹಿಡಿದು ಹೋಗಿ ಮೂರನೇ ಸಾಲಿನಲ್ಲಿ ಕೂತಳು. ಗೂಳಪ್ಪ ಮೈಕ್ ಹಿಡಿದು ಅದೇ ಹಾಡು ತೆಗೆದ. ಮೊದಲ ಸವಾಲು ಮುಗಿಸಿ ನೇರ ಎರಡನೆಯದಕ್ಕೆ ಹೋದಾಗ ಹಿಂದಿನಿಂದ ಒಬ್ಬ ಮುದುಕ ಕೂಗಿದ. "ಜವಾಬ ಎಲ್ಲಿ ಅದರಿ?" ಅವನ ಹಿಂದೆ ಇನ್ನಷ್ಟು ಜನ ಕೂಗಿದರು.

ಗೂಳಪ್ಪನ ಕಣ್ಣು ಅವಳ ಮೇಲೆ ಬಿತ್ತು. ನಗಲು ನೋಡಿದ. "ಭೀಮವ್ವಾ, ಬಾರವಾ ಮ್ಯಾಲೆ. ಜನಾ ಕೇಳಾಕತ್ತಾರ."

ಅವಳು ಕೂತಲ್ಲೇ ಎದ್ದು ನಿಂತಳು. "ಕತ್ತರಿ ಹಾಕೂ ಮುಂದ ನೆನಪಾಗಲಿಲ್ಲ, ಜನಾ ಒದರಿದ ಮ್ಯಾಲೆ ನೆನಪಾದೆ? ನಾ ಹಾಡಂಗಿಲ್ಲ. ಜವಾಬ ಕಟ್ಟಿದವರು ಯಾರು, ಮೊದಲ ಅದನ್ನ ಹೇಳು."

ಗೂಳಪ್ಪ ತಲೆ ತಗ್ಗಿಸಿ, "ಅಕೀನ ಕಟ್ಟಿದ್ದು. ತಗೀರಿ ಅಂದವ ನಾನು. ತಪ್ಪಾತು" ಎಂದ. ಯಾರೋ ಚಪ್ಪಾಳೆ ಹೊಡೆದರು. ಭೀಮವ್ವನಿಗೆ ಚಪ್ಪಾಳೆ ಬೇಕಿರಲಿಲ್ಲ. ಸೆರಗು ಸರಿ ಮಾಡಿಕೊಂಡು ಹೊರನಡೆದಳು.

ಹದಿನೈದು ದಿನಕ್ಕೆ ಪೂರ್ತಿ ಹಾಡು ಫೋನಿನಲ್ಲಿ ಬಂತು. 'ಗಾಯನ: ಗೂಳಪ್ಪ, ಭೀಮವ್ವ ಕಮ್ಮಾರ' ಎಂದು ದೀಪಾಲಿ ಕುಣಿಯುತ್ತ ಓದಿದಳು.

"ರಚನಾ ಯಾರ್ದು ಅಂತ ಅದ?"

"ಗೂಳಪ್ಪ ಅಂತ ಅದರಿ."

"ಹಚ್ಚು ಫೋನು" ಎಂದಳು ಭೀಮವ್ವ. ಆ ಒಂದು ಸಾಲು ತಿದ್ದಿಸಲು ಮತ್ತೂ ನಾಲ್ಕು ಫೋನು ಬೇಕಾದವು.