ಗೋಡೆಗೆ ಒರಗಿದ ಕಸಬರಿಗೆ

ನನ್ನ ಯಜಮಾನರಿಗೆ ನಾಗಪುರದ ಹೊರಗಿನ ಒಂದು ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ. ಒಳಗೆ ಮೊಬೈಲ್ ಒಯ್ಯುವಂತಿಲ್ಲ, ಅದು ನಮ್ಮ ಫ್ರಿಜ್ಜಿನ ಮೇಲೆಯೇ ಬಿದ್ದಿರುತ್ತದೆ. ಬೆಳಿಗ್ಗೆ ಹೊರಟರೆಂದರೆ ಸಂಜೆಯವರೆಗೆ ನನಗೆ ಅವರ ಸುದ್ದಿಯಿಲ್ಲ.

ಯಾರಾದರೂ ಹೊರಟ ಬೆನ್ನಿಗೇ ಕಸ ಗುಡಿಸಬಾರದು ಎಂದು ಧಾರವಾಡದ ನಮ್ಮ ಮನೆಯಲ್ಲಿ ಕಟ್ಟುನಿಟ್ಟು. ಹಾಗೆ ಗುಡಿಸುವುದು ಹೆಣ ಹೊರಟ ಮೇಲೆ ಮಾತ್ರ. ಇದನ್ನೆಲ್ಲ ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ಲಕ್ಷ್ಮೀ ನಗರದ ಈ ಮನೆಗೆ ಬಂದಾಗಿನಿಂದ ಅವರು ಸಂಜೆ ಬಂದು ಚಪ್ಪಲಿ ಬಿಟ್ಟ ಮೇಲೆಯೇ, ದೀಪ ಹಚ್ಚುವುದರೊಳಗೆ, ಗಡಿಬಿಡಿಯಲ್ಲಿ ಗುಡಿಸುತ್ತ ಬಂದಿದ್ದೇನೆ.

ಮಗಳು ಶಿಲ್ಪಕಲೆ ಓದುತ್ತಾಳೆ. ಕಳೆದ ಚಳಿಗಾಲದಲ್ಲಿ ಸೀತಾಬರ್ಡಿಯ ಹತ್ತಿರ ಅವಳ ಕ್ಲಾಸಿನವರ ಪ್ರದರ್ಶನವಿತ್ತು. ಅಲ್ಲಿಂದ ಮರಳುವಷ್ಟರಲ್ಲಿ ಕತ್ತಲಾದೀತೆಂದು, ಯಜಮಾನರ ಸ್ಕೂಟರ್ ಗೇಟು ದಾಟುತ್ತಿದ್ದಂತೆ ಮನೆಯೆಲ್ಲ ಗುಡಿಸಿ ಆಟೋ ಹತ್ತಿದೆ. ಎಂಥ ಕೆಲಸ ಮಾಡಿದೆನೆಂದು ಹೊಳೆದದ್ದು ಅವಳ ಶಿಲ್ಪದ ಎದುರು ನಿಂತಾಗ.

ಮರದ ಹಲಗೆಯ ಮೇಲೆ ಒಂದು ಜೊತೆ ಚಪ್ಪಲಿ, ಒಂದು ಊಟದ ಡಬ್ಬಿ, ಎರಡೂ ಬಿಳಿ ಪ್ಲಾಸ್ಟರಿನವು. ಎಡಗಾಲಿನ ಹಿಮ್ಮಡಿ ಸವೆದ ರೀತಿಯಿಂದಲೇ ಯಾರ ಚಪ್ಪಲಿಯೆಂದು ತಿಳಿಯಿತು. ಹಿಂದಿನ ಗೋಡೆಗೆ ನಮ್ಮ ಮನೆಯ ಹಳೆಯ ಕಸಬರಿಗೆ ಒರಗಿತ್ತು. ಅದೊಂದೇ ನಿಜದ್ದು. ಪಕ್ಕದಲ್ಲಿದ್ದ ಮಗಳ ತೋಳು ಹಿಡಿದು ಕೇಳಿದೆ:

"ಜೀವಂತ ಇರೋ ಅಪ್ಪನ ಸಾಮಾನು ಹಿಂಗ್ಯಾಕ ಇಟ್ಟಿ?"

"ಇದು ಅಪ್ಪಂದಲ್ಲವ್ವಾ, ನಿಂದು," ಎಂದಳು ಮಗಳು. "ದಿನಾ ಕಾಯ್ತಿಯಲ್ಲ, ಅದು. ಚಪ್ಪಲ್ ಮನೀಗೆ ಬರೂತನಕ ಕಸಬರಿಗಿ ಗ್ವಾಡಿಗೇ."

ನನ್ನ ಶಾಸ್ತ್ರಗಳನ್ನೆಲ್ಲ ಗೇಲಿ ಮಾಡುವ ಹುಡುಗಿ ಅವಳು. ಈಗಲೂ ನಗಲಿ, ನನ್ನ ಹೆದರಿಕೆ ಸ್ವಲ್ಪ ಇಳಿಯಲಿ ಎಂದೇ ಹೇಳಿದೆ: "ಇವತ್ತ ಅವರು ಹೋದ ಕೂಡ್ಲೇ ಕಸಾ ಹೊಡದೀನಿ."

ಅವಳು ನಗಲಿಲ್ಲ. ಬಹುಮಾನ ಕೊಡುವವರು ಇನ್ನೂ ಅವಳ ಶಿಲ್ಪದ ಹತ್ತಿರ ಬಂದೇ ಇರಲಿಲ್ಲ. ಬ್ಯಾಗು ಹೆಗಲಿಗೇರಿಸಿ, "ನಡೀ ಮನೀಗೆ, ಜಲ್ದಿ," ಎಂದಳು.

ಮಧ್ಯಾಹ್ನವಿಡೀ ಇಬ್ಬರೂ ಬಾಗಿಲಲ್ಲಿ ಕೂತೆವು. ಊಟ ಸೇರಲಿಲ್ಲ. ಐದೂವರೆಗೆ ಸ್ಕೂಟರಿನ ಸದ್ದು ಕೇಳಿಸಿತು.

"ಹಿಂಗ್ಯಾಕ ಕುಂತೀರಿ ಇಬ್ರೂ?" ಎನ್ನುತ್ತ ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಇಷ್ಟು ವರ್ಷ ಈ ಮನೆಯಲ್ಲಿ ನಾನೊಬ್ಬಳೇ ಹೆದರುತ್ತೇನೆ ಎಂದುಕೊಂಡಿದ್ದೆ. ಮಗಳು ಬಾಗಿ ಚಪ್ಪಲಿಯೊಳಗೆ ಅಂಗೈಯಿಟ್ಟು, ಅದಿನ್ನೂ ಬೆಚ್ಚಗಿದೆಯೆಂದು ಗೊತ್ತಾದ ಮೇಲೆ ಅಳತೊಡಗಿದಳು.